ನೂರು ದಿನದ ಕೂಲಿ

ಬೆಂಗಳೂರಿನಲ್ಲಿ ಯಾರು ಯಾರಿಗೆ ಬೇಕಾದರೂ ಶಿಷ್ಯ. ಪಕ್ಕದ ಸೀಟಿನವನು ಬೆಳಿಗ್ಗೆ ಬಂದ ತಕ್ಷಣ ‘ಏನ್ ಶಿಷ್ಯಾ, ರಾತ್ರಿ ಬಿಲ್ಡ್ ಒಡೆದು ಮಲಗಿಬಿಟ್ಟೆಯಲ್ಲ’ ಅಂತಾನೆ. ಕ್ಯಾಂಟೀನಿನಲ್ಲಿ ಟೀ ಕೊಡುವ ಹುಡುಗನೂ ಶಿಷ್ಯ, ಹೊಸದಾಗಿ ಸೇರಿದ ಟ್ರೈನಿಯೂ ಶಿಷ್ಯ. ನನಗೆ ಮಾತ್ರ ಆ ಪದ ಕೇಳಿದಾಗಲೆಲ್ಲ ಒಂದು ಕ್ಷಣ ಕಿವಿ ನಿಮಿರುತ್ತದೆ. ನಮ್ಮ ಮನೆಯಲ್ಲಿ ಆ ಪದಕ್ಕೆ ಬೇರೆ ತೂಕವಿತ್ತು. ಕನ್ನಡ ಬೈಬಲಿನಲ್ಲಿ ಯೇಸುವಿನ ಹಿಂದೆ ಹೋದವರಿಗೆ ಇರುವ ಹೆಸರೇ ಅದು. ಗ್ರೀಕ್ ಮೂಲದ ಪದಕ್ಕೆ ‘ಕಲಿಯುವವನು’ ಅಂತ ಅರ್ಥ, ಅಷ್ಟೇ. ಅಂದರೆ ಟ್ರೈನಿ. ಪರ್ಮನೆಂಟ್ ಆದವನಲ್ಲ.

ಹೋದ ತಿಂಗಳು ಇದೇ ಜಾಗದಲ್ಲಿ, ಚಿಕ್ಕವನಿದ್ದಾಗ ಬಸ್ಸು ಹತ್ತಿ ದುರ್ಗದ ಚರ್ಚಿಗೆ ಹೋಗುತ್ತಿದ್ದ ಭಾನುವಾರಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಒಬ್ಬರು ಒಂದೇ ಸಾಲಿನ ಪ್ರಶ್ನೆ ಕೇಳಿದರು. ‘ಭಾನುವಾರದ್ದು ಗೊತ್ತಾಯ್ತು, ಸೋಮವಾರ ಏನ್ ಮಾಡ್ತೀರಿ?’ ಕುಹಕ ಇರಲಿಲ್ಲ ಅನ್ನಿಸುತ್ತೆ, ನಿಜವಾಗಿಯೂ ಕೇಳಿದ್ದರು. ಉತ್ತರ ಬರೆಯೋಣ ಅಂತ ಕೂತರೆ ನನಗೆ ನೆನಪಾದದ್ದು ಒಂದು ಸೋಮವಾರವೇ. ಅದನ್ನು ಹೇಳೋದು ಅಷ್ಟು ಸುಲಭವಲ್ಲ, ಆದರೂ ಹೇಳ್ತೀನಿ.

ಮೊದಲು ನನ್ನ ಕೆಲಸ ಏನು ಅಂತ ಗೊತ್ತಿರಬೇಕು. ಮೊಬೈಲ್‌ನಲ್ಲಿ ಸಾಲ ಕೊಡುವ ಒಂದು ಕಂಪನಿಯ ಸಾಫ್ಟ್‌ವೇರ್ ಬರೆಯೋದು. ಅದರಲ್ಲೂ ಕಲೆಕ್ಷನ್ಸ್ ವಿಭಾಗ. ನೀವು ಇಎಂಐ ತಪ್ಪಿಸಿದರೆ ಯಾವ ದಿನ ಯಾವ ಮೆಸೇಜ್ ಹೋಗಬೇಕು, ಯಾವ ದಿನ ಕರೆ ಹೋಗಬೇಕು, ಮಾತಿನ ಬಿಸಿ ಎಷ್ಟೆಷ್ಟು ಏರಬೇಕು, ಇದೆಲ್ಲ ನಮ್ಮ ಕೋಡ್ ತೀರ್ಮಾನಿಸುತ್ತದೆ. ಮೊದಲ ದಿನ ‘ಪ್ರಿಯ ಗ್ರಾಹಕರೇ’. ಹತ್ತನೇ ದಿನ ‘ಪ್ರಿಯ’ ಹೋಗಿ ಬರೀ ‘ಗ್ರಾಹಕರೇ’. ಇಪ್ಪತ್ತನೇ ದಿನಕ್ಕೆ ‘ಮುಂದಿನ ಕ್ರಮ’. ಟೀಮಿನಲ್ಲಿ ಕನ್ನಡ ಬರೆಯಲು ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ ಆ ಕನ್ನಡ ಮೆಸೇಜುಗಳೆಲ್ಲ ನನ್ನ ಕೈಯಿಂದಲೇ ಬಂದವು. ಎಂಜಿನಿಯರಿಂಗ್ ಓದಿ ಕನ್ನಡದಲ್ಲಿ ನಾನು ಬರೆದ ಮೊದಲ ಪ್ರಕಟಿತ ಸಾಹಿತ್ಯ ಅದೇ ಅಂತ ಗೆಳೆಯರ ಹತ್ತಿರ ತಮಾಷೆ ಮಾಡುತ್ತಿದ್ದೆ.

ನಿಯಮ ಮೀರಿ ಏನೂ ಮಾಡುತ್ತಿರಲಿಲ್ಲ. 2022ರಲ್ಲಿ ರಿಸರ್ವ್ ಬ್ಯಾಂಕ್ ಎರಡು ಗಟ್ಟಿ ಮಾತು ಹೇಳಿತು. ಆಗಸ್ಟ್‌ನಲ್ಲಿ, ವಸೂಲಿ ಕರೆಗಳು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಹೋಗಕೂಡದು ಅಂತ. ಸೆಪ್ಟೆಂಬರ್‌ನಲ್ಲಿ, ಸಾಲದ ಆ್ಯಪ್‌ಗಳು ಗ್ರಾಹಕರ ಫೋನಿನ ಕಾಂಟ್ಯಾಕ್ಟ್ ಲಿಸ್ಟಿಗೆ, ಕರೆಗಳ ಪಟ್ಟಿಗೆ, ಫೋಟೋಗಳಿಗೆ ಕೈ ಹಾಕಕೂಡದು ಅಂತ. ಸಾಲ ತಗೊಂಡವನ ಅತ್ತೆ ಮಾವನಿಗೆ ಫೋನ್ ಮಾಡಿ ಮಾನ ಕಳೆಯುವ ಆಟ ಕಾಗದದ ಮೇಲಾದರೂ ಅಲ್ಲಿಗೆ ನಿಂತಿತು. ಆಮೇಲೆ ಮೈಕ್ರೊಫೈನಾನ್ಸ್ ಕಿರುಕುಳದಿಂದ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿ ದಿನಾ ಬರುತ್ತಿದ್ದಾಗ, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ನಮ್ಮ ಸಿಸ್ಟಮ್ ಗಂಟೆ ನೋಡಿಕೊಂಡೇ ಕರೆ ಮಾಡುತ್ತಿತ್ತು. ಏಳಾದರೆ ತಾನಾಗಿ ಬಾಯಿ ಮುಚ್ಚುತ್ತಿತ್ತು. ಆ ಭಾಗದ ಟೆಸ್ಟ್ ಕೇಸ್‌ಗಳನ್ನು ಬರೆದದ್ದೂ ನಾನೇ.

ಇನ್ನು ಊರಿನ ವಿಷಯ. ಹೊರಕೆರೆದೇವಪುರ, ಹೊಳಲ್ಕೆರೆ ತಾಲ್ಲೂಕು. ಬಸ್ಸಿನ ಬೋರ್ಡಿನ ಮೇಲೆ ಎಚ್.ಡಿ.ಪುರ. ಲಕ್ಷ್ಮೀನರಸಿಂಹಸ್ವಾಮಿ ತೇರು ಅಂದರೆ ಸುತ್ತಲಿನವರಿಗೆ ಗೊತ್ತು. ಅಪ್ಪ ಅಲ್ಲೇ ಸುತ್ತಮುತ್ತ ಕನ್ನಡ ಮೇಷ್ಟ್ರಾಗಿದ್ದು ಅಲ್ಲೇ ನಿವೃತ್ತರಾದರು. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಹಾಗಂತ ಒಂಟಿ ಅಂತ ಎಂದೂ ಅನ್ನಿಸಿದ್ದಿಲ್ಲ. ತೇರಿನ ದಿನ ಪಕ್ಕದ ಮನೆ ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಜನರ ತಲೆಗಳ ಮೇಲಿಂದ ತೇರು ನೋಡಿದ್ದು, ಕಳಸಕ್ಕೆ ಗುರಿಯಿಟ್ಟು ಬಾಳೆಹಣ್ಣು ಎಸೆದಿದ್ದು, ಅದು ಯಾರದೋ ಬೋಳುತಲೆ ಮೇಲೆ ಬಿದ್ದದ್ದು ಎಲ್ಲ ನೆನಪಿದೆ. ಮನೆಗೆ ಬಂದ ಮೇಲೆ ಅಜ್ಜಿ ‘ತೇರಿಗೆ ಹೋಗಿದ್ಯೇನೋ’ ಅಂತ ಗದರಿದರೆ ಅಪ್ಪ ‘ಮಾವನ ಹೆಗಲಿಗೆ ಹೋಗಿದ್ದ ಬಿಡವ್ವ’ ಅನ್ನುತ್ತಿದ್ದರು.

ಆ ಮಾವ ಮೂರು ವರ್ಷದ ಹಿಂದೆ ತೋಟಕ್ಕೆ ಬೋರು ಹಾಕಿಸಿದರು. ಅಡಿಕೆ ಗಿಡ ಒಣಗುತ್ತಿದ್ದವು. ನಮ್ಮ ಕಡೆ ಬೋರು ಅಂದರೆ ಏನು ಅಂತ ಗೊತ್ತಿರುವವರಿಗೆ ಮುಂದಿನದು ಹೇಳಬೇಕಿಲ್ಲ. ತೆಂಗಿನಕಾಯಿ ಹಿಡಿದು ಪಾಯಿಂಟ್ ಹಾಕಿಕೊಟ್ಟವನು ನೀರಿದೆ ಅಂದ, ಏಳುನೂರು ಅಡಿ ದಾಟಿದರೂ ಬಂದದ್ದು ಬಿಳಿ ಧೂಳು. ಲಾರಿಯವರಿಗೆ ಕೊಡಬೇಕಾದ ದುಡ್ಡಿಗೆ ಅಪ್ಪ 60,000 ಕೊಟ್ಟಿದ್ದರು. ಪತ್ರವಿಲ್ಲ, ಬಡ್ಡಿಯಿಲ್ಲ. ಮಾವ ಸ್ವಲ್ಪ ಸ್ವಲ್ಪವಾಗಿ 12,000 ತೀರಿಸಿದ್ದರು. ಆಮೇಲೆ ನಿಂತಿತು.

ತಂಗಿಯ ಮದುವೆ ನಿಶ್ಚಯವಾದಾಗ ನನಗೆ ಆ 48,000 ಕಣ್ಣು ಕುಕ್ಕತೊಡಗಿತು. ಹಾಲ್‌ಗೆ ಅಡ್ವಾನ್ಸ್, ಅಡುಗೆಯವರಿಗೆ ಅಡ್ವಾನ್ಸ್, ನನ್ನ ಕಾರಿನ ಇಎಂಐ ಬೇರೆ. ‘ಕೇಳಪ್ಪ’ ಅಂತ ಅಪ್ಪನಿಗೆ ಎರಡು ಮೂರು ಸಲ ಹೇಳಿದೆ. ‘ಕೇಳೋಣ, ಮಳೆ ಆಗ್ಲಿ’ ಅಂದರು. ಮೇಷ್ಟ್ರ ಬುದ್ಧಿಯೇ ಇಷ್ಟು ಅಂತ ಸಿಟ್ಟು ಬಂತು. ಒಂದು ಸೋಮವಾರ ರಾತ್ರಿ ಆಫೀಸಿನಿಂದ ಬಂದವನು, ಅಪ್ಪನಿಗೆ ಹೇಳದೆ, ನಾನೇ ಮಾವನಿಗೆ ಫೋನ್ ಮಾಡಿದೆ.

‘ಏನ್ ಮರಿ, ಚೆನ್ನಾಗಿದ್ದೀಯಾ? ಊಟ ಆಯ್ತಾ?’ ಅಂದರು. ಆಯ್ತು ಮಾವ ಅಂದವನು ನೇರ ವಿಷಯಕ್ಕೆ ಬಂದೆ. ಅವರು ಅಡಿಕೆ ರೇಟು, ಅತ್ತೆಯ ಮಂಡಿನೋವು ಅಂತ ಏನೋ ಹೇಳುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕಿದೆ. ‘ಮಾವ, ಈ ವಾರದೊಳಗೆ ಏನಾದರೂ ಒಂದು ತೀರ್ಮಾನ ಹೇಳಿ. ಇಲ್ಲದಿದ್ದರೆ ಮುಂದಿನ ಕ್ರಮ ತಗೊಳ್ಳಬೇಕಾಗುತ್ತೆ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಆಗ್ಲಪ್ಪ’ ಅಂದರು. ಮರಿ ಅನ್ನಲಿಲ್ಲ.

ಮುಂದಿನ ಕ್ರಮ ಅಂದರೆ ಏನು ಅಂತ ನನಗೂ ಗೊತ್ತಿರಲಿಲ್ಲ. ನಮ್ಮೂರಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಜಗಳ ಆಡುವವರು ಕೂಡ ‘ಕೊಡ್ತೀಯೋ ಇಲ್ವೋ’ ಅಂತ ಜಗಲಿ ಮೇಲೆ ನಿಂತು ಕೂಗುತ್ತಾರೆಯೇ ಹೊರತು ಕ್ರಮ ತಗೊಳ್ಳುವುದಿಲ್ಲ. ಅದು ನಾನೇ ಬರೆದ ಇಪ್ಪತ್ತನೇ ದಿನದ ಟೆಂಪ್ಲೇಟು. ಬಾಯಿಗೆ ತಾನಾಗಿಯೇ ಬಂದಿತ್ತು. ಫೋನ್ ಇಟ್ಟ ಮೇಲೆ ಗಂಟೆ ನೋಡಿದೆ, ಎಂಟೂವರೆ. ನಮ್ಮ ಸಿಸ್ಟಮ್ ಆಗಿದ್ದರೆ ಆ ಕರೆ ಹೋಗುತ್ತಲೇ ಇರಲಿಲ್ಲ.

ಶನಿವಾರ ಅಪ್ಪ ಫೋನ್ ಮಾಡಿದರು. ದನಿ ಎತ್ತರಿಸುವ ಅಭ್ಯಾಸ ಅವರಿಗಿಲ್ಲ. ‘ಅವನು ಬೆಳಿಗ್ಗೆ ಬಂದು 22,000 ಕೊಟ್ಟು ಹೋದ. ಉಳಿದದ್ದಕ್ಕೆ ಒಂದು ತಿಂಗಳು ಟೈಮ್ ಕೇಳಿದ. ಕಡಸು ಮಾರಿದ್ದಾನೆ. ನೀನು ಫೋನ್ ಮಾಡಿದ್ಯಂತೆ.’

ಕಡಸು ಗಬ್ಬವಾಗಿತ್ತು. ಇನ್ನು ಮೂರು ತಿಂಗಳಿಗೆ ಕರು ಹಾಕುತ್ತಿತ್ತು, ಡೇರಿಗೆ ಹಾಲು ಹಾಕಿ ವಾರವಾರ ಒಂದಿಷ್ಟು ಕಾಸು ಕಾಣಬಹುದು ಅಂತ ಆ ಮನೆಯವರು ಕಾದಿದ್ದರು. ಸಾಲ ತೀರಿಸುವ ದಾರಿಯೂ ಅದೇ ಆಗಿತ್ತು. ಅದನ್ನೇ ನಾನು ಮಾರಿಸಿದ್ದೆ. ವಸೂಲಾತಿ ಅಂದರೆ ಎಷ್ಟೋ ಸಲ ಹೀಗೇ ಇರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಸಿರು ಗೆರೆ ಮೇಲೇರುತ್ತದೆ, ಹಟ್ಟಿಯಲ್ಲಿ ಒಂದು ಗೂಟ ಖಾಲಿಯಾಗುತ್ತದೆ.

ಆವತ್ತು ರಾತ್ರಿ ಮಲಗುವ ಮುಂಚೆ, ಚಿಕ್ಕಂದಿನಿಂದ ಬಾಯಿಪಾಠವಾದ ಪ್ರಾರ್ಥನೆ ಹೇಳಲು ಹೋದೆ. ಯೇಸು ಶಿಷ್ಯರಿಗೆ ಕಲಿಸಿದ್ದು. ಅದರಲ್ಲಿ ಕ್ಷಮೆ ಕೇಳುವ ಜಾಗವಿದೆಯಲ್ಲ, ನಾವು ಬೇರೆಯವರನ್ನು ಕ್ಷಮಿಸಿದ ಹಾಗೆ ನಮ್ಮನ್ನೂ ಅಂತ, ಅಲ್ಲಿಗೆ ಬಂದಾಗ ನಿಂತುಬಿಟ್ಟೆ. ಲೂಕನ ಪುಸ್ತಕದಲ್ಲಿ ಆ ಜಾಗದಲ್ಲಿ ಪಾಪ ಅಂತಿದೆ. ಮತ್ತಾಯನ ಪುಸ್ತಕದ ಗ್ರೀಕಿನಲ್ಲಿ ಇರುವುದು ಸಾಲ ಎಂಬ ಪದ. ಕೊಡಬೇಕಾದ ಬಾಕಿ. ಸಂಪ್ರದಾಯ ಹೇಳುವ ಪ್ರಕಾರ ಈ ಮತ್ತಾಯ ಸುಂಕದ ಕಟ್ಟೆಯಲ್ಲಿ ಕೂತು ವಸೂಲಿ ಮಾಡುತ್ತಿದ್ದವನು. ಅಂದರೆ ನಮ್ಮ ಡಿಪಾರ್ಟ್‌ಮೆಂಟಿನವನೇ.

ಕ್ಷಮಿಸದ ಆಳಿನ ಕಥೆ ಬರುವುದೂ ಮತ್ತಾಯನಲ್ಲಿ ಮಾತ್ರ, ಉಳಿದ ಮೂವರಲ್ಲಿ ಇಲ್ಲ. ಅಣ್ಣ ತಮ್ಮಂದಿರು ತಪ್ಪು ಮಾಡಿದರೆ ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಪೇತ್ರ ಲೆಕ್ಕ ಕೇಳುತ್ತಾನೆ. ಯೇಸು ಉತ್ತರವಾಗಿ ಕಥೆ ಹೇಳುತ್ತಾನೆ. ಒಬ್ಬ ರಾಜ, ಅವನಿಗೆ 10,000 ತಲಾಂತು ಕೊಡಬೇಕಾದ ಒಬ್ಬ ಆಳು. ರಾಜ ಅಷ್ಟನ್ನೂ ಮನ್ನಾ ಮಾಡುತ್ತಾನೆ. ಆ ಆಳು ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ, ಜೈಲಿಗೂ ಹಾಕಿಸುತ್ತಾನೆ. ಚರ್ಚಿನಲ್ಲಿ ನೂರು ಸಲ ಕೇಳಿದ್ದೆ. ‘ದೊಡ್ಡ ಸಾಲ, ಚಿಕ್ಕ ಸಾಲ’ ಅಂತ ಅರ್ಥ ಮಾಡಿಕೊಂಡು ಬಿಟ್ಟಿದ್ದೆ. ಆ ರಾತ್ರಿ ಎಂಜಿನಿಯರ್ ಬುದ್ಧಿ ಎದ್ದು ಕೂತು ಕ್ಯಾಲ್ಕುಲೇಟರ್ ತೆಗೆಯಿತು.

ಒಂದು ದಿನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತು ಅಂದರೆ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. ಲೆಕ್ಕಕ್ಕೆ ದಿನಗೂಲಿ 500 ರೂಪಾಯಿ ಅಂತ ಇಟ್ಟುಕೊಳ್ಳಿ, ದೊಡ್ಡ ಸಾಲ 3,000 ಕೋಟಿ. ಕೇಳುತ್ತಿದ್ದ ಜನ ಬಹುಶಃ ನಕ್ಕಿರಬೇಕು, ಯಾವ ಆಳು ಅಷ್ಟು ಸಾಲ ಮಾಡಲು ಸಾಧ್ಯ? ಆದರೆ ಚಿಕ್ಕ ಸಾಲದ ಲೆಕ್ಕ ಮಾಡಿದಾಗ ನನಗೆ ನಗು ಬರಲಿಲ್ಲ. ನೂರು ದಿನದ ಕೂಲಿ, 50,000 ರೂಪಾಯಿ. ಮಾವ ಕೊಡಬೇಕಾಗಿದ್ದದ್ದು 48,000.

ಅದು ಚಿಕ್ಕ ಮೊತ್ತ ಅಲ್ಲ ಅನ್ನುವುದೂ ಆವತ್ತೇ ಹೊಳೆಯಿತು. ನೂರು ದಿನದ ಕೂಲಿ ಯಾರಿಗೆ ಚಿಕ್ಕದು? ಕಥೆ ಹೇಳಿದವನಿಗೆ ಅದು ಗೊತ್ತಿತ್ತು. ನಿಜವಾಗಿ ನೋವಾಗುವ, ಬಿಟ್ಟರೆ ಮನೆಯಲ್ಲಿ ಒಂದು ಕೆಲಸ ನಿಲ್ಲುವ ಮೊತ್ತವನ್ನೇ ಆತ ಆರಿಸಿಕೊಂಡಿದ್ದಾನೆ.

ಭಾನುವಾರ ಊರಿಗೆ ಹೋದೆ. ಅಪ್ಪ ಬೈಯಲಿಲ್ಲ, ಕಾಫಿ ಕೊಟ್ಟು ಸರ್ವಜ್ಞನ ವಿಷಯ ತೆಗೆದರು. ನಮ್ಮ ಮನೆಯಲ್ಲಿ ಇದು ಬೈಗುಳಕ್ಕಿಂತ ಕಷ್ಟ. ಸಾಲ ತಗೊಳ್ಳುವಾಗಿನ ಸುಖ, ಕೊಟ್ಟವನು ಬಂದು ಎಳೆಯುವಾಗಿನ ಸಂಕಟ, ಎರಡನ್ನೂ ಹೇಳುವ ತ್ರಿಪದಿ ಕನ್ನಡ ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಆ ತ್ರಿಪದಿಗಳನ್ನು ಹುಡುಕಿ ಕಲೆಹಾಕಿ ನಮ್ಮ ಕೈಗಿಟ್ಟವರು ಯಾರು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಉತ್ತಂಗಿ ಚೆನ್ನಪ್ಪನವರು, ಕ್ರೈಸ್ತ ಪಾದ್ರಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಷನ್ ಶಾಲೆಯಲ್ಲಿ ದೇವಶಾಸ್ತ್ರ ಓದಿ, ಉತ್ತರ ಕರ್ನಾಟಕದಲ್ಲಿ ಸಭೆಗಳನ್ನು ನಡೆಸುತ್ತಿದ್ದವರು. ಆ ಕೆಲಸದ ನಡುವೆಯೇ ವರ್ಷಗಟ್ಟಲೆ ತ್ರಿಪದಿ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹ ಹೊರತಂದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು.

ಅಪ್ಪನಿಗೆ ಉತ್ತಂಗಿಯವರೆಂದರೆ ಪ್ರಾಣ. ಯಾಕೆ ಅಂತ ನನಗೆ ತಡವಾಗಿ ಗೊತ್ತಾಯಿತು. ಪಾದ್ರಿಯಾದವರು ಜನರಿಗೆ ಹೇಳುವುದನ್ನಷ್ಟೇ ಮಾಡಿ ಸುಮ್ಮನಿರಬಹುದಿತ್ತು. ಅವರು ಜನರ ಬಾಯಲ್ಲಿದ್ದದ್ದನ್ನು ಕೇಳಿಸಿಕೊಂಡರು, ಅದನ್ನು ಬರೆದಿಟ್ಟರು. ‘ಸಾಲಗಾರನ ಸಂಕಟ ಏನು ಅಂತ ಕಿವಿ ಕೊಟ್ಟು ಕೇಳಿದೋರು ಕಣೋ ಅವರು. ನೀನು ಫೋನಲ್ಲಿ ಅವನ ಮಾತು ಪೂರ್ತಿ ಕೇಳಿದ್ಯಾ?’ ಅಂದರು ಅಪ್ಪ. ಅಷ್ಟೇ ಅವರ ಪ್ರಸಂಗ.

ನನ್ನ ಯೋಜನೆ ಸರಳವಾಗಿತ್ತು. 22,000 ವಾಪಸ್ ಕೊಡೋದು, ಉಳಿದ ಬಾಕಿ ಬಿಟ್ಟುಬಿಡೋದು. ಸುಂಕದ ಗುತ್ತಿಗೆದಾರ ಜಕ್ಕಾಯ ಅನ್ಯಾಯವಾಗಿ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂತ ನಿಂತನಲ್ಲ, ಅಷ್ಟು ಅಲ್ಲದಿದ್ದರೂ ಅದೇ ಧಾಟಿ. ಅಪ್ಪ ತಲೆ ಅಲ್ಲಾಡಿಸಿದರು. ‘ಅವನು ಮನ್ನಾ ಕೇಳಲಿಲ್ಲ. ಟೈಮ್ ಕೇಳಿದ. ನೀನು ಹೋಗಿ ಮನ್ನಾ ಅಂದ್ರೆ ಎರಡನೇ ಸಲ ಅವನ ಮುಖ ಕೆಳಗೆ ಹಾಕಿಸ್ದಂಗೆ.’ ಅದು ನನಗೆ ಹೊಳೆದೇ ಇರಲಿಲ್ಲ. ಕ್ಷಮಿಸುವುದರಲ್ಲೂ ಮೇಲೆ ಕೂತು ಕೆಳಗೆ ನೋಡುವ ಒಂದು ಬಗೆಯಿದೆ, ಅದರ ರುಚಿ ವಸೂಲಿಯ ರುಚಿಗಿಂತ ಬಹಳ ಬೇರೆ ಇರುವುದಿಲ್ಲ.

ಕೊನೆಗೆ ಅಪ್ಪನೇ ಒಂದು ದಾರಿ ಹೇಳಿದರು. ನಮ್ಮ ಕಡೆ ದನ ಪಾಲಿಗೆ ಕೊಡುವ ಪದ್ಧತಿಯಿದೆ. ಒಬ್ಬರು ಹಸು ಕೊಳ್ಳುತ್ತಾರೆ, ಇನ್ನೊಬ್ಬರು ಸಾಕುತ್ತಾರೆ, ಹಾಲು ಸಾಕಿದವರಿಗೆ, ಹುಟ್ಟಿದ ಕರುವಿನಲ್ಲಿ ಇಬ್ಬರಿಗೂ ಪಾಲು. ಇದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡಿದ ಹಾಗಲ್ಲ. ಮಾವ ಮಾರಿದ ಕಡಸನ್ನೇ ವಾಪಸ್ ತರೋಣ ಅಂತ ನೋಡಿದೆವು, ಅದು ಆಗಲೇ ಎರಡು ಕೈ ಬದಲಾಗಿ ಎಲ್ಲೋ ಹೋಗಿತ್ತು. ಬೇರೆ ಒಂದು ಗಬ್ಬದ ಹಸು ಸಿಕ್ಕಿತು. 22,000ಕ್ಕೆ ನಾನು ಅದಕ್ಕಿಂತ ಹೆಚ್ಚೇ ಸೇರಿಸಬೇಕಾಯಿತು. ತಂಗಿಯ ಮದುವೆಗೆ ಹಾಲ್ ಬಿಟ್ಟು ಚರ್ಚಿನ ಪಕ್ಕದ ಶಾಮಿಯಾನಕ್ಕೆ ಇಳಿದೆವು. ತಂಗಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅವಳದೂ ತಪ್ಪೇನಿಲ್ಲ, ನನ್ನ ಬಾಯಿಗೆ ದಂಡ ಕಟ್ಟಿದ್ದು ಅವಳ ಹಾಲು.

ಕ್ಷಮೆ ಕೇಳಲು ನಾನೊಬ್ಬನೇ ಹೋದೆ. ಮಾವ ಜಗಲಿ ಮೇಲೆ ತೆಂಗಿನಕಾಯಿ ಸುಲಿಯುತ್ತಿದ್ದರು. ‘ಮಾವ, ಆವತ್ತು ನಾನು ಹಾಗೆ ಮಾತಾಡಬಾರದಿತ್ತು, ತಪ್ಪಾಯ್ತು’ ಅಂದೆ. ಅವರು ಸುಲಿಯುವುದು ನಿಲ್ಲಿಸಿ ಎದ್ದು ನಿಂತರು. ‘ಬನ್ನಿ, ಕೂತ್ಕೊಳ್ಳಿ’ ಅಂದರು. ಒಳಗೆ ಕೂಗಿ ಕಾಫಿ ಹೇಳಿದರು. ‘ಬಿಡಿ, ದುಡ್ಡು ಅಂದ್ಮೇಲೆ ಮಾತು ಬರುತ್ತೆ’ ಅಂದರು. ಹುಟ್ಟಿದಾಗಿನಿಂದ ನನ್ನನ್ನು ನೀನು, ಮರಿ, ಲೋ ಅಂತ ಕರೆದ ಮನುಷ್ಯ. ಬಹುವಚನ ಇಷ್ಟು ಚುಚ್ಚುತ್ತದೆ ಅಂತ ಗೊತ್ತಿರಲಿಲ್ಲ.

ಇನ್ನು ಆಫೀಸು. ಕೆಲಸ ಬಿಟ್ಟೆ ಅಂತ ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಬಿಟ್ಟಿಲ್ಲ. ಬಿಡಬೇಕಾ ಅಂತ ಬಹಳ ಯೋಚಿಸಿದೆ. ನನಗೆ ಬರಬೇಕಾದ ಸಾಲವನ್ನು ನಾನು ಬಿಡಬಹುದು, ಕಂಪನಿಗೆ ಬರಬೇಕಾದದ್ದನ್ನು ಬಿಡಲು ಅದು ನನ್ನ ಅಪ್ಪನ ದುಡ್ಡಲ್ಲ. ಆದರೆ ಹೇಗೆ ಕೇಳಬೇಕು ಅನ್ನುವುದರಲ್ಲಿ ನನ್ನ ಕೈಯಿದೆ, ಅದಕ್ಕೇ ಸಂಬಳ ಕೊಡುತ್ತಾರೆ. ಕನ್ನಡದ ಎಲ್ಲ ಮೆಸೇಜುಗಳನ್ನೂ ಕೂತು ತಿದ್ದಿದೆ. ಎಷ್ಟು ಬಾಕಿ, ಯಾವ ದಿನ, ಕಷ್ಟವಿದ್ದರೆ ಯಾರಿಗೆ ಹೇಳಬೇಕು, ಇಷ್ಟೇ. ‘ಮುಂದಿನ ಕ್ರಮ’ ತೆಗೆದೆ. ಕ್ರಮ ಏನು ಅಂತ ಹೇಳದೆ ಕ್ರಮ ಅನ್ನುವುದು ಕತ್ತಲಲ್ಲಿ ಹೆದರಿಸಿದ ಹಾಗೆ ಅಂತ ಪ್ರಾಡಕ್ಟ್ ಮ್ಯಾನೇಜರ್‌ಗೆ ವಾದ ಮಾಡಿದೆ. ಮೊದಲ ರಿಮೈಂಡರ್‌ನಲ್ಲೇ ‘ಸಮಯ ಬೇಕು’ ಅನ್ನುವ ಒಂದು ಬಟನ್ ಇರಲಿ, ಒತ್ತಿದವರ ಜೊತೆ ಮನುಷ್ಯರೊಬ್ಬರು ಮಾತಾಡಲಿ ಅಂತ ಟಿಕೆಟ್ ಹಾಕಿದೆ. ಆಕೆ ಕೆಟ್ಟವರಲ್ಲ. ‘ರಿಕವರಿ ನಂಬರ್ ಬಿದ್ದರೆ ನಿನ್ನ ಹೆಸರು ಹೇಳ್ತೀನಿ’ ಅಂತ ನಗುತ್ತಲೇ ಅಂದರು. ಕನ್ನಡ ಮೆಸೇಜುಗಳು ಬದಲಾಗಿ ಹೋಗುತ್ತಿವೆ. ಬೇರೆ ಭಾಷೆಗಳಲ್ಲಿ ಹಳೆಯವೇ ಇವೆ. ಬಟನ್‌ನ ಟಿಕೆಟ್ ಎರಡು ಸ್ಪ್ರಿಂಟ್‌ನಿಂದ ಮುಂದಕ್ಕೆ ಹೋಗುತ್ತಲೇ ಇದೆ. ಪ್ರತಿ ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲಿ ಅದರ ಬಗ್ಗೆ ಒಂದು ಸಲ ಕೇಳ್ತೀನಿ. ಪಕ್ಕದ ಸೀಟಿನವನು ‘ಶುರುವಾಯ್ತು ಶಿಷ್ಯನ ಭಜನೆ’ ಅಂತಾನೆ. ಸೋಮವಾರ ಏನ್ ಮಾಡ್ತೀರಿ ಅಂತ ಕೇಳಿದವರಿಗೆ ಸದ್ಯಕ್ಕೆ ನನ್ನ ಹತ್ತಿರ ಇರುವ ಉತ್ತರ ಇದು.

ಹಸು ಹೋದ ವಾರ ಕರು ಹಾಕಿತು. ಹೆಣ್ಣುಕರು. ಸುದ್ದಿ ಹೇಳಲು ಮಾವನೇ ಫೋನ್ ಮಾಡಿದ್ದರು. ಹಾಲು ಎಷ್ಟು ಕೊಡುತ್ತೆ, ಹಣೆಯ ಮೇಲೆ ಬಿಳಿ ಮಚ್ಚೆ ಹೇಗಿದೆ, ಅತ್ತೆ ಗಿಣ್ಣು ಕಾಯಿಸಿ ನಮ್ಮ ಮನೆಗೂ ಕೊಟ್ಟದ್ದು, ಎಲ್ಲ ಹೇಳಿದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದರು, ‘ಕರು ನೋಡೋಕೆ ಯಾವಾಗ ಬರ್ತೀರಾ?’